ಅಥಣಿ ಚಪ್ಪಲಿ, ಕೊಲ್ಹಾಪುರದ ಹೆಸರು, ಮಿಲಾನಿನ ರೊಕ್ಕ

2025ರ ಜೂನ್ ತಿಂಗಳಾಗ ಇಟಲಿಯ ಮಿಲಾನ್ ಊರಾಗ ಪ್ರಾಡಾ ಅನ್ನೋ ದೊಡ್ಡ ಕಂಪನಿ ಒಂದು ಫ್ಯಾಶನ್ ಶೋ ಮಾಡಿತು. ಆ ಹುಡುಗರ ಕಾಲಾಗಿನ ಚಪ್ಪಲಿ ನೋಡಿದ್ರ ನಮ್ಮ ಕಡೆ ಸಣ್ಣ ಮಕ್ಕಳೂ ಹೆಸರು ಹೇಳ್ತಾವು. ಕಂಪನಿಯವರು ಮಾತ್ರ ಬರೇ ತೊಗಲಿನ ಚಪ್ಪಲಿ ಅಂದು ಬಿಟ್ಟಿದ್ರು. ಕೊಲ್ಹಾಪುರದವರು ಸಿಟ್ಟಾದ್ರು. ಆವಾಗ ನಮ್ಮ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆಯವರು, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಾಗೂ ಇವನ್ನ ಮಾಡ್ತಾರ ಅಂತ ನೆನಪು ಮಾಡಿ ಕೊಟ್ರು. ವೈನಿ, ಮಾವಶಿ, ಇದು ಬರೇ ಹೆಸರಿನ ಜಗಳ ಅಲ್ಲರೀ. ನಮ್ಮ ಓಣಿಯ ಕೆಲಸ ಜಗತ್ತಿನ ಬಜಾರಕ್ಕ ಹೋದಾಗ ಯಾರಿಗೆ ಏನು ಸಿಕ್ತು, ಯಾರದೇನು ಹೋತು ಅನ್ನೋ ಲೆಕ್ಕ ಇದರಾಗ ಐತಿ.

ಮೊದಲ ಹೆಸರಿನ ಮಾತು. ಅಥಣಿ ಕಡೆ ಮಾಡಿದ ಮಾಲು ಕೊಲ್ಹಾಪುರದ ಪ್ಯಾಟಿಗೆ ಹೋಗ್ತಿತ್ತು. ಮಾರಿದ ಊರಿನ ಹೆಸರೇ ಅದಕ್ಕ ಅಂಟಿತು. 1894ರಿಂದ 1922ರ ತನಕ ಅಲ್ಲಿ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಆಸರ ಕೊಟ್ಟಿದ್ರು. ಈಗಿನ ರಾಜ್ಯದ ಗಡಿ ಬಂದದ್ದು 1956ರಾಗ. ತೊಗಲು, ಸಂತಿ, ಬೀಗತನ ಇವ್ಯಾವೂ ಆ ಗಡಿ ಕೇಳಲಿಲ್ಲ. ಕಸುಬಿನ ಮಂದಿ ತಮ್ಮ ಬೇರು ಇನ್ನೂ ಹಿಂದ, 12ನೇ ಶತಮಾನದ ಶರಣ ಹರಳಯ್ಯನ ತನಕ ಒಯ್ತಾರ.

ಈ ಚಪ್ಪಲಿ ಮಾಡೋ ಕೆಲಸ ಒಬ್ಬರದಲ್ಲ. ಜಾಲಿ ತೊಗಟಿ, ಅಳಲಿಕಾಯಿ ಹಾಕಿ ತೊಗಲು ಹದ ಮಾಡೋದು ಢೋರರ ಕಸುಬು, ಚಪ್ಪಲಿ ಹೊಲಿಯೋದು ಸಮಗಾರರದು. ಹಳೇ ಪದ್ಧತಿಯಾಗ ಮೊಳಿ ಬಡಿಯೋದಿಲ್ಲ, ತೊಗಲಿನ ದಾರದಿಂದನೇ ಹೊಲಿಗಿ. ಗಂಡಸರು ಅಟ್ಟಿ ಕತ್ತರಿಸಿ ಜೋಡಿಸ್ತಾರ. ಹೆಣಿಕಿ ಹಾಕೋದು, ಮ್ಯಾಲಿನ ಪಟ್ಟಾ ಹೊಲಿಯೋದು ಹೆಚ್ಚಾಗಿ ಹೆಣ್ಮಕ್ಕಳ ಕೆಲಸ. ಒಲಿ ಮ್ಯಾಲೆ ಅನ್ನ ಇಟ್ಟು, ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಮಾಡೋ ಈ ಕೆಲಸಕ್ಕ ಬ್ಯಾರೆ ಕೂಲಿ ಅಂತ ಯಾರೂ ಎಣಿಸ್ತಿರಲಿಲ್ಲ. ಅದು ಮನಿಗೆಲಸದಾಗೇ ಮುಚ್ಚಿ ಹೋಗ್ತಿತ್ತು.

ಪ್ರಾಡಾಕ್ಕಿಂತ ಐವತ್ತು ವರ್ಷ ಮೊದಲೇ ಈ ಚಪ್ಪಲಿ ಸಮುದ್ರ ದಾಟಿತ್ತು. 1970ರ ದಶಕದಾಗ ಅಮೆರಿಕಾದ ಹಿಪ್ಪಿ ಹುಡುಗ ಹುಡುಗ್ಯಾರಿಗೆ ಇದು ಭಾಳ ಹಿಡಿಸ್ತು. ಕೆಲಸ ಬಂತು, ಖರೆ. ಆದ್ರ ಪರದೇಶದ ಗಿರಾಕಿಗೂ ಹೊಲಿಯೋ ಕೈಗೂ ನಡುವೆ ವ್ಯಾಪಾರಿ ಇದ್ದ. ಮುಂಗಡ ರೊಕ್ಕ ಅವನದು, ತೊಗಲು ಅವನದು, ದರಾನೂ ಅವನದು. ಜೋಡಿಗೆ ಇಷ್ಟು ಅಂತ ಅವ ಹೇಳಿದ್ದೇ ಕೂಲಿ. ಸಾಲ ತೀರೋ ತನಕ ಇನ್ನೊಬ್ಬರಿಗೆ ಮಾರೋ ಹಂಗಿಲ್ಲ. ಚಪ್ಪಲಿ ಜಗತ್ತು ಸುತ್ತಿತು, ಮಾಡಿದಾಕಿ ಅಲ್ಲೇ ಕುಂತ್ಲು.

ಈ ಗಂಟು ಅಥಣಿಯಾಗ ಸಡಿಲಾದದ್ದು 1990ರ ದಶಕದ ಕೊನೀಗೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಮಧುರಾ ಛತ್ರಪತಿಯವರ ಅಸೆಂಟ್ ಸಂಸ್ಥೆ ಇಲ್ಲಿ ಕೆಲಸಕ್ಕ ಇಳೀತು. ಹೆಣ್ಮಕ್ಕಳ ಸ್ವಸಹಾಯ ಗುಂಪು ಕಟ್ಟಿ, ಟೋಹೋಲ್ಡ್ ಅಂತ ಕುಶಲಕರ್ಮಿಗಳದೇ ಒಂದು ಒಕ್ಕೂಟ ಮಾಡಿದ್ರು. ಹೊಸ ಬಣ್ಣ, ಹೊಸ ನಮೂನಿ, ಎಡ ಬಲ ಸರಿ ಹೊಂದೋ ಅಳತಿ ಕಲಿತ್ರು. ಮಾಲು ಜಪಾನ್, ಇಟಲಿ ಕಡೆ ಹೋತು. ನನಗ ಇದರಾಗ ದೊಡ್ಡದು ಕಾಣೋದು ಜಪಾನ್ ಅಲ್ಲ. ಹೆಣಿಕಿ ಹಾಕಿದಾಕಿಯ ಹೆಸರು ಬ್ಯಾಂಕಿನ ಪಾಸ್‌ಬುಕ್ ಮ್ಯಾಲೆ ಬಂತಲ್ಲ, ಅದು.

ಜಗತ್ತಿನ ಬಾಗಲಾ ತೆರೆದಾಗ ಮಾಲು ಬರೇ ಹೊರಗ ಹೋಗೋದಿಲ್ಲ, ಒಳಗೂ ಬರ್ತೈತಿ. ಮಷಿನ್ನಾಗ ಒತ್ತಿದ, ರೆಗ್ಜಿನ್ ಹಚ್ಚಿದ ನಕಲಿ ಕೊಲ್ಹಾಪುರಿ ಸಂತ್ಯಾಗ ರಾಶಿ ಬಿದ್ದಾವು. ಅಗ್ಗದ ಪ್ಲಾಸ್ಟಿಕ್ ಚಪ್ಪಲಿ ಮಳ್ಯಾಗೂ ನಡೀತೈತಿ. ಕೈಲೆ ಮಾಡಿದವರು ದರ ಇಳಸಬೇಕು, ಇಲ್ಲಂದ್ರ ಕೆಲಸ ಬಿಡಬೇಕು. ಅದಕ್ಕ ಕಲಿತ ಹುಡುಗರು ಬ್ಯಾರೆ ನೌಕರಿ ನೋಡ್ತಾರ. ಜಾತಿಯ ಹೀಯಾಳಿಕಿ ತಿಂದ ಕಸುಬು ಬಿಟ್ರ ಅವರನ್ನ ತಪ್ಪಂತ ಅನ್ನಲಿಕ್ಕೂ ಬರೋದಿಲ್ಲ.

2019ರಾಗ ಕೊಲ್ಹಾಪುರಿ ಚಪ್ಪಲಿಗೆ ಜಿಐ ಅಂದ್ರ ಭೌಗೋಳಿಕ ಗುರುತು ಸಿಕ್ತು. ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ ಬೆಳಗಾವಿ, ಬಾಗಲಕೋಟ, ಧಾರವಾಡ, ವಿಜಯಪುರ, ಹಿಂಗ 8 ಜಿಲ್ಲೆಗೆ ಸೇರಿದ ಹಕ್ಕು. ಆದ್ರ ಜಿಐ ಕಾಯೋದು ಹೆಸರನ್ನ. ಪ್ರಾಡಾ ಆ ಹೆಸರೇ ಹೇಳಿರಲಿಲ್ಲ! ಮುಂಬೈ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿನೂ ಜುಲೈದಾಗ ಬಿದ್ದು ಹೋತು. ಹಕ್ಕು ಇದ್ದವರು ಬರಬೇಕು ಅಂದ್ರು.

ಮಂದಿಯ ಸಿಟ್ಟು ಮಾತ್ರ ಕೆಲಸ ಮಾಡಿತು. ಚಪ್ಪಲಿಯ ಮೂಲ ಭಾರತದ್ದು ಅಂತ ಪ್ರಾಡಾ ಒಪ್ಪಿತು. ಡಿಸೆಂಬರದಾಗ ಮಹಾರಾಷ್ಟ್ರದ ಲಿಡ್‌ಕಾಂ, ನಮ್ಮ ಲಿಡ್ಕರ್ ಎರಡೂ ನಿಗಮದ ಕೂಡ ಒಪ್ಪಂದಾತು. ಎರಡೂ ರಾಜ್ಯದ ಕೈಗಳಿಂದ 2000 ಜೋಡಿ, ಒಂದು ಜೋಡಿಗೆ ಸುಮಾರು 800 ಯೂರೋ, ಕೂಡೇ ತರಬೇತಿ ಅಂತ ಕಂಪನಿ ಹೇಳಿತು. ನಮ್ಮ ರೊಕ್ಕದಾಗ 80 ಸಾವಿರ ದಾಟ್ತೈತಿ. ಇಲ್ಲಿ ಸಾವಿರದ ಸುತ್ತಮುತ್ತ ಚಲೋ ಜೋಡ ಸಿಗ್ತೈತಿ.

ನಡುವಿನ ಅಷ್ಟೂ ರೊಕ್ಕ ಯಾರ ಮನೀಗೆ ಅಂತ ಕೇಳೋದು ನ್ಯಾಯನ ಐತಿ. ಒಪ್ಪಂದದ ಕಾಗದದಾಗ ನಿಗಮದ ಹೆಸರು ಇರ್ತಾವು, ಕಂಪನಿಯ ಹೆಸರು ಇರ್ತೈತಿ. ಜಗತ್ತಿನ ಬಜಾರ ಕೆಟ್ಟದಂತ ನಾ ಅನ್ನೋದಿಲ್ಲ. ಒಬ್ಬಾಕಿ ನಿಂತಾಗ ಅದು ಜೋಡಿ ಲೆಕ್ಕದ ಕೂಲಿ ಕೊಟ್ಟು ಹೋತು, ಹತ್ತು ಮಂದಿ ಗುಂಪು ಕಟ್ಟಿ ನಿಂತಾಗ ಪಾಸ್‌ಬುಕ್ ಕೊಟ್ಟಿತು. ಅದಕ್ಕ ಮುಂದಿನ ಸಲ ಮದುವಿಗೋ ಜಾತ್ರಿಗೋ ಜೋಡ ತರೂವಾಗ ಹೊಲಿದವರ ಕಡೇನೇ ಹೋಗ್ರಿ. ದರದ ಚೌಕಾಶಿಗೆ ಮೊದಲ, ಹೆಣಿಕಿ ಯಾರು ಹಾಕ್ಯಾರ, ಅವರ ಕೈಗೆ ಏನು ಬೀಳ್ತೈತಿ ಅಂತ ಒಂದು ಮಾತು ಕೇಳ್ರಿ.