ನೀರ್ ಸಾಬ್

ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಮಾಡಲಿ ಎಂದು ಸಅದ್ ಇಬ್ನ್ ಉಬಾದ (ರ) ಕೇಳಿದಾಗ ಪ್ರವಾದಿವರ್ಯರು (ಸ) ನೀರನ್ನು ಹೇಳಿದರು. ಸಅದ್ ಬಾವಿ ತೋಡಿಸಿದರು. ಈ ಹದೀಸನ್ನು ಜುಮಾ ಖುತ್ಬಾದಲ್ಲಿ ವಿವರಿಸುವಾಗ ನಾವು ಅಬ್ದುಲ್ ನಜೀರ್ ಸಾಬರ ಹೆಸರು ತೆಗೆದೆವು. ಹಿರಿಯರು ತಲೆಯಾಡಿಸಿದರು. ನಮಾಝ್ ಮುಗಿದ ಮೇಲೆ ಹುಡುಗರು ಬಂದು, 'ಅವರು ಯಾರು ಹಜ್ರತ್?' ಎಂದು ಕೇಳಿದರು. ಅವರಿಗಾಗಿ ಈ ಬರಹ.

ನಜೀರ್ ಸಾಬರು ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆಯಲ್ಲಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರಿಗೆ ಸಿಕ್ಕಿತು. ರಾಜ್ಯಕ್ಕೆ ಬರ ಬಡಿದಿದ್ದ ವರ್ಷಗಳವು. ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೆಟ್ಟಿಲು ಬಾವಿಗಿಳಿದು ಕುಡಿದ ನೀರಿನಿಂದ ನಾರು ಹುಣ್ಣು ಹರಡುತ್ತಿತ್ತು. ನಜೀರ್ ಸಾಬರು ಊರೂರಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ದಲಿತರ ಕೇರಿಗಳನ್ನು ಮರೆಯಲಿಲ್ಲ. ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಸರಕಾರ ಕೊಡುವ ಯಾವ ಬಿರುದಿಗಿಂತಲೂ ಇದು ದೊಡ್ಡದೆಂದು ನಮಗನ್ನಿಸುತ್ತದೆ. ಬೋರ್‌ವೆಲ್‌ಗಳನ್ನೇ ನೆಚ್ಚಿಕೊಂಡು ಹಳೆಯ ಕೆರೆ ಬಾವಿಗಳನ್ನು ಕೈಬಿಟ್ಟದ್ದು, ಅಂತರ್ಜಲ ಪಾತಾಳಕ್ಕಿಳಿದದ್ದು ಆಮೇಲಿನ ಕಥೆ. ಅದರ ಹೊಣೆ ನಮ್ಮೆಲ್ಲರದು.

ಆದರೆ ನೀರಿನಷ್ಟೇ ದೊಡ್ಡದಾದ ಇನ್ನೊಂದು ಕೆಲಸವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. 1983ರ ಪಂಚಾಯತ್ ಕಾಯ್ದೆಯ ಹಿಂದೆ ನಿಂತವರು ಅವರೇ. ಅದು ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೊಂದು ಮಂಡಲ ಪಂಚಾಯಿತಿ, ಮೇಲೆ ಜಿಲ್ಲಾ ಪರಿಷತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹೆಣ್ಣುಮಕ್ಕಳಿಗೆ ಶೇಕಡಾ 25 ಸ್ಥಾನ ಮೀಸಲು. ದೇಶದ ಸಂವಿಧಾನವೇ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಮೀಸಲಿಟ್ಟದ್ದು 1993ರಲ್ಲಿ!

ಇದು ಅನೇಕ ಶಾಸಕರಿಗೆ ಹಿಡಿಸಲಿಲ್ಲ. ಶಾಲಾ ಮಾಸ್ತರರ ವರ್ಗಾವಣೆ, ರಸ್ತೆ ಕಾಮಗಾರಿಯಂಥ ಅಧಿಕಾರ ಕೈಜಾರಿದರೆ ಮನೆ ಬಾಗಿಲಿಗೆ ಜನ ಬರುವುದಾದರೂ ಏಕೆ? ತಾವೇ ಶಾಸಕರೂ ಮಂತ್ರಿಯೂ ಆಗಿದ್ದು ತಮ್ಮ ಪಂಗಡದ ಅಧಿಕಾರವನ್ನೇ ಹಳ್ಳಿಗೆ ಹಂಚುವುದು ಸಣ್ಣ ಮಾತಲ್ಲ. ನಮ್ಮ ಮೊಹಲ್ಲಾಗಳಲ್ಲಿ ಯಾವುದೇ ಮುಸ್ಲಿಂ ಶಾಸಕರ ಮಾತು ಬಂದರೂ ಮೊದಲ ಪ್ರಶ್ನೆ, 'ನಮ್ಮವರಿಗೆ ಏನು ಮಾಡಿದ?' ಎಂಬುದು. ಕೇಳುವುದು ತಪ್ಪೇನಲ್ಲ. ಆದರೆ ನಜೀರ್ ಸಾಬರ ಕೈಪಂಪಿನಡಿ ಕೊಡ ಇಟ್ಟವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದರು. ಆ ಕಾಯ್ದೆಯಿಂದ ಚುನಾಯಿತರಾದವರಲ್ಲೂ ಹಾಗೆಯೇ.

1988ರ ಅಕ್ಟೋಬರಿನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲ ಅವಧಿ ಮುಗಿದ 1992ರಲ್ಲಿ ಚುನಾವಣೆಯನ್ನೇ ನಡೆಸದೆ ಆ ಸಂಸ್ಥೆಗಳಿಗೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. 1993ರಲ್ಲಿ ಹೊಸ ಕಾಯ್ದೆ ಬಂತು. ಈಗಿನ ಗ್ರಾಮ ಪಂಚಾಯಿತಿಗಳು ಅದರವು. ಅವುಗಳ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಯ ಬಾಗಿಲ ಮೇಲೆ ಅಬ್ದುಲ್ ನಜೀರ್ ಸಾಬರ ಹೆಸರಿದೆ. ಅಲ್ಲಾಹನು ಅವರ ಮಗ್‌ಫಿರತ್ ಮಾಡಲಿ. ಆಮೀನ್.