ಉನ್ನತ ಮಟ್ಟದ ಕ್ರೀಡಾಪಟುಗಳಿಗೆ ಆಪ್ತ ಸಮಾಲೋಚನೆ: ಗೌಪ್ಯತೆ ಮತ್ತು ಔಷಧಿಗಳ ಕುರಿತು ಮಾಹಿತಿ

ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳಲ್ಲಿ ಖಿನ್ನತೆ, ಆತಂಕ ಮತ್ತು ನಿದ್ರಾಹೀನತೆ ಅಪರೂಪವಲ್ಲ. ಗಾಯ, ತಂಡದಿಂದ ಕೈಬಿಡಲ್ಪಡುವುದು, ನಿವೃತ್ತಿ ಇವು ಎಲ್ಲರಿಗೂ ತಿಳಿದಿರುವ ಕಾರಣಗಳು. ಗೆಲುವಿನ ನಂತರದ ದಿನಗಳೂ ಕಠಿಣವಾಗಿರಬಹುದೆಂಬುದು ಮನೆಯವರಿಗೆ ಅನೇಕ ವೇಳೆ ತೋಚುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದ ಶೂಟರ್ ಅಭಿನವ್ ಬಿಂದ್ರಾ ಅವರು, ಗುರಿ ಈಡೇರಿದ ಬಳಿಕ ತಮ್ಮನ್ನು ಆವರಿಸಿದ ಶೂನ್ಯಭಾವ ಹಾಗೂ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಕ್ರೀಡಾಕೂಟದ ತಂಡ ವಿಭಾಗದ ಫೈನಲ್‌ನ ನಡುವೆಯೇ ಹಿಂದೆ ಸರಿದರು. ನಿಯಮಿತ ಸಮಾಲೋಚನೆಯನ್ನು ಮುಂದುವರಿಸಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು.

ಗೌಪ್ಯತೆ

ವಿಷಯ ತರಬೇತುದಾರರಿಗೆ ತಿಳಿದರೆ ಆಯ್ಕೆಗೆ ಅಡ್ಡಿಯಾದೀತೆಂಬ ಭಯದಿಂದ ಹಲವರು ನೆರವು ಪಡೆಯುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣವು ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗೆ ತನ್ನ ಚಿಕಿತ್ಸೆಯ ವಿವರಗಳ ಗೌಪ್ಯತೆಯ ಹಕ್ಕನ್ನು ನೀಡಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವು ಸಂದರ್ಭಗಳು ಇದಕ್ಕೆ ಹೊರತು. ಆದಾಗ್ಯೂ ಸಮಾಲೋಚಕರನ್ನು ತಂಡವೇ ನೇಮಿಸಿದ್ದಲ್ಲಿ, ಅವರು ಯಾರಿಗೆ ವರದಿ ಸಲ್ಲಿಸುತ್ತಾರೆ, ಅದರಲ್ಲಿ ಏನೇನು ಇರುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಕೇಳಿ ತಿಳಿದುಕೊಳ್ಳತಕ್ಕದ್ದು. ಹೀಗೆ ಕೇಳುವುದು ಅವಿಧೇಯತೆಯಲ್ಲ.

ಔಷಧಿಗಳು

ಸಮಾಲೋಚನೆಯೊಂದಿಗೆ ಮನೋವೈದ್ಯರು ಔಷಧಿಯನ್ನೂ ಸೂಚಿಸಬಹುದು. ಫ್ಲೂಕ್ಸೆಟಿನ್, ಸೆರ್ಟ್ರಲಿನ್‌ನಂತಹ ಖಿನ್ನತೆ ನಿವಾರಕಗಳು ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೆ ಕೈನಡುಕ ತಗ್ಗಿಸಲು ನೀಡುವ ಪ್ರೊಪ್ರನೊಲಾಲ್ ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ಸದಾ ನಿಷಿದ್ಧ; ಗಮನ ಕೊರತೆಗೆ ನೀಡುವ ಮಿಥೈಲ್‌ಫೆನಿಡೇಟ್ ಎಲ್ಲ ಕ್ರೀಡೆಗಳಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧ. ಆದುದರಿಂದ ತಾವು ಯಾವ ಕ್ರೀಡೆಯಲ್ಲಿ ಸ್ಪರ್ಧಿಸುತ್ತಿರುವುದಾಗಿ ವೈದ್ಯರಿಗೆ ಮೊದಲೇ ತಿಳಿಸಬೇಕು. ನಿಷಿದ್ಧ ಔಷಧಿ ಅನಿವಾರ್ಯವಾದಲ್ಲಿ, ಚಿಕಿತ್ಸಾರ್ಥ ಬಳಕೆಯ ವಿನಾಯಿತಿಗಾಗಿ ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ರಾಷ್ಟ್ರೀಯ ಮಟ್ಟದವರು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ (ನಾಡಾ), ಅಂತರರಾಷ್ಟ್ರೀಯ ಮಟ್ಟದವರು ತಮ್ಮ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್‌ಗೆ ಸಲ್ಲಿಸಬೇಕು. ಪರೀಕ್ಷೆಯ ಭಯದಿಂದ ಔಷಧಿಯನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸುವುದು ಅಪಾಯಕರ.

ನೆರವು ದೊರೆಯುವ ಸ್ಥಳ

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಲಭ್ಯವಿದೆ. ಯಾವ ಶಿಫಾರಸು ಪತ್ರವೂ ಬೇಕಿಲ್ಲ. ಅಗತ್ಯವಿದ್ದಲ್ಲಿ ಕರೆ ಮಾಡಿದವರನ್ನು ತಜ್ಞರ ಬಳಿಗೆ ಕಳುಹಿಸಲಾಗುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ನೇರವಾಗಿಯೂ ಕಾಣಬಹುದು. ಕ್ರೀಡಾಪಟುವು ಬದುಕಿನಲ್ಲಿ ಆಸಕ್ತಿ ಉಳಿದಿಲ್ಲವೆಂದು ಹೇಳಿದಲ್ಲಿ, ಪಂದ್ಯಾವಳಿ ಮುಗಿಯಲೆಂದು ಕಾಯದೆ ಪೋಷಕರು, ಸಹ ಆಟಗಾರರು ಅಥವಾ ತರಬೇತುದಾರರು ಇದೇ ಸಂಖ್ಯೆಗೆ ಕೂಡಲೇ ಕರೆ ಮಾಡಬಹುದು.