ಕ್ಲೌಡ್ ಕೀಲಿ ಸೋರಿಕೆ

ಕ್ಲೌಡ್‌ನಲ್ಲಿಟ್ಟ ಮಾಹಿತಿ ಹೊರಬೀಳಲು ಕನ್ನ ಕೊರೆಯಬೇಕೆಂದೇನಿಲ್ಲ. ಸಂಗ್ರಹವನ್ನೇ ಯಾರೋ ಸಾರ್ವಜನಿಕವಾಗಿ ತೆರೆದಿಟ್ಟಿರುತ್ತಾರೆ, ಇಲ್ಲವೇ ಅದರ ಡಿಜಿಟಲ್ ಕೀಲಿ ಪರರ ಕೈ ಸೇರಿರುತ್ತದೆ. ಕೀಲಿಯಿಂದಾದ ಅನಾಹುತಕ್ಕೆ ಕರ್ನಾಟಕದ ಪ್ರಮುಖ ನಿದರ್ಶನ, ಬೆಂಗಳೂರಿನ ಪಾವತಿ ಸಂಸ್ಥೆ ಜಸ್‌ಪೇ 2020ರಲ್ಲಿ ಎದುರಿಸಿದ ದಾಳಿ.

ಅಮೆಜಾನ್ ತನ್ನ ಎಸ್3 ಸಂಗ್ರಹ ಸೇವೆಯನ್ನು ಆರಂಭಿಸಿದ್ದು 2006ರ ಮಾರ್ಚ್‌ನಲ್ಲಿ. ಅದರ ‘ಬಕೆಟ್’ಗಳು ಮೂಲತಃ ಖಾಸಗಿಯೇ, ಕೆಲಸ ಸಲೀಸಾಗಲೆಂದು ತೆರೆದವರು ಬಳಕೆದಾರರು. 2017ರ ಜೂನ್‌ನಲ್ಲಿ ಅಮೆರಿಕದ ಸುಮಾರು 19.8 ಕೋಟಿ ಮತದಾರರ ವಿವರ ಹೀಗೆ ತೆರೆದ ಬಕೆಟ್ಟಿನಲ್ಲಿ ಸಿಕ್ಕಿತು. ಭಾರತದಲ್ಲಿ 2020ರ ಮೇ ಕೊನೆಗೆ ಅಂಥದ್ದೇ ಸುದ್ದಿ ಬಂತು: ಹಣ ಪಾವತಿಯ ಭೀಮ್ ಆ್ಯಪ್ ಪ್ರಚಾರಕ್ಕೆಂದು ಸಾಮಾನ್ಯ ಸೇವಾ ಕೇಂದ್ರಗಳ (ಸಿಎಸ್‌ಸಿ) ಜಾಲತಾಣವೊಂದು ಸಂಗ್ರಹಿಸಿದ್ದ 409 ಜಿಬಿ ದಾಖಲೆ ತೆರೆದು ಬಿದ್ದಿತ್ತೆಂದು ವಿಪಿಎನ್‌ಮೆಂಟರ್ ತಾಣ ವರದಿ ಮಾಡಿತು. ಆ್ಯಪ್‌ಗೆ ಧಕ್ಕೆಯಾಗಿಲ್ಲ ಎಂದು ಅದನ್ನು ರೂಪಿಸಿದ ಎನ್‌ಪಿಸಿಐ ಸ್ಪಷ್ಟಪಡಿಸಿತು. ಅದು ನಿಜವಿದ್ದರೂ, ಆ ಜಾಲತಾಣಕ್ಕೆ ಆಧಾರ್ ಪ್ರತಿ ಕೊಟ್ಟಿದ್ದವರಿಗೆ ಅದರಿಂದ ಸಮಾಧಾನ ಸಿಗುವಂತಿರಲಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳಿಗೆಲ್ಲ ಸಾರ್ವಜನಿಕ ಪ್ರವೇಶದ ತಡೆ ತಾನಾಗಿಯೇ ಅನ್ವಯವಾಗುತ್ತಿದೆ.

ಕೀಲಿಯ ಕಥೆ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಅಮೆಜಾನಿನ ದೀರ್ಘಾವಧಿ ಕೀಲಿ ಎಂದರೆ ‘ಎಕೆಐಎ’ಯಿಂದ ಶುರುವಾಗುವ 20 ಅಕ್ಷರಗಳ ಗುರುತು, ಜೊತೆಗೆ 40 ಅಕ್ಷರಗಳ ಗುಟ್ಟು. ಆರಂಭದ ನಾಲ್ಕು ಅಕ್ಷರ ಬದಲಾಗದ್ದರಿಂದ ಕೋಡ್ ಹಂಚಿಕೆಯ ತಾಣ ಗಿಟ್‌ಹಬ್ ಜಾಲಾಡುವ ಬಾಟ್‌ಗಳಿಗೆ ಹುಡುಕಾಟ ಸಲೀಸು. ತಪ್ಪಿ ಹಾಕಿದ ಕೀಲಿಯನ್ನು ಮರುಕ್ಷಣ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಹಳೆಯ ಪ್ರತಿ ಉಳಿದಿರುತ್ತದೆ. ಕೀಲಿಯನ್ನೇ ರದ್ದುಪಡಿಸದೆ ಗತಿಯಿಲ್ಲ.

ಜಸ್‌ಪೇಯಲ್ಲಿ ಆದದ್ದು ಹಾಗೆ ರದ್ದಾಗದೆ ಉಳಿದ ಒಂದು ಹಳೆಯ ಕೀಲಿಯಿಂದ. 2020ರ ಆಗಸ್ಟ್ 18ರಂದು ಒಂದು ದತ್ತಾಂಶ ಸಂಗ್ರಹದ ಬಳಕೆ ಒಮ್ಮೆಲೇ ಏರಿ ಎಚ್ಚರಿಕೆ ಮೊಳಗಿತು. ದಾಳಿಗೆ ಬಳಕೆಯಾದ ಸರ್ವರನ್ನು ಸಿಬ್ಬಂದಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು ಹೋಗಿದ್ದವು. ನಡುವಿನ ಅಂಕಿಗಳು ಮುಚ್ಚಿದ್ದರಿಂದ ಹಣ ಎಗರಿಸಲು ಅವು ಸಾಲವು. ಆದರೆ ಕೆಲವರ ಇಮೇಲ್, ಫೋನ್ ಸಂಖ್ಯೆಗಳೂ ಸೋರಿದ್ದವು. ಬ್ಯಾಂಕಿನವರಂತೆ ನಟಿಸಿ ಕರೆ ಮಾಡುವವನಿಗೆ ಅಷ್ಟು ಧಾರಾಳ. ವ್ಯಾಪಾರಿ ಪಾಲುದಾರರಿಗೆ ಅಂದೇ ತಿಳಿಸಿದ್ದಾಗಿ ಕಂಪನಿ ಹೇಳಿತು. ಜನಸಾಮಾನ್ಯರಿಗೆ ಗೊತ್ತಾದದ್ದು ಮಾಹಿತಿ ಡಾರ್ಕ್‌ವೆಬ್‌ನಲ್ಲಿ ಮಾರಾಟಕ್ಕಿದೆ ಎಂಬ 2021ರ ಜನವರಿಯ ವರದಿಗಳಿಂದ.

ಅದೇ ವರ್ಷ ಕೀಲಿಗಳ್ಳರ ಕಣ್ಣು ಪೈಪ್‌ಲೈನ್‌ಗಳತ್ತ ಹೊರಳಿದ್ದು ಎದ್ದು ಕಂಡಿತು. ಬರೆದ ಕೋಡನ್ನು ಪರೀಕ್ಷಿಸಿ ಸರ್ವರಿಗೆ ಏರಿಸುವ ಈ ಸ್ವಯಂಚಾಲಿತ ವ್ಯವಸ್ಥೆಗಳಲ್ಲಿ ಎಲ್ಲ ಬಾಗಿಲುಗಳ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿರುತ್ತವೆ. 2021ರ ಜನವರಿ 31ರಿಂದ ಕೋಡ್‌ಕವ್ ಕಂಪನಿಯ ಸ್ಕ್ರಿಪ್ಟ್ ತಿದ್ದಿದ ದಾಳಿಕೋರರು ಅದನ್ನು ಬಳಸುವವರ ಗುಟ್ಟುಗಳನ್ನು ತಮ್ಮತ್ತ ಹರಿಸಿಕೊಂಡರು. ಎರಡು ತಿಂಗಳ ಬಳಿಕ ಗ್ರಾಹಕರೊಬ್ಬರು, ಫೈಲು ಬದಲಾಗಿಲ್ಲವೆಂದು ಖಚಿತಪಡಿಸುವ ಚೆಕ್‌ಸಮ್ ತಾಳೆಯಾಗದ್ದನ್ನು ಗಮನಿಸಿದರು. ಉಳಿದವರು ತಾಳೆ ನೋಡಿಯೇ ಇರಲಿಲ್ಲವೇನೋ! 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್ ಎಂಬ ಪೈಪ್‌ಲೈನ್ ಉಪಕರಣವನ್ನು ದಾಳಿಕೋರರು ತಿದ್ದಿದಾಗ ಗುಟ್ಟುಗಳು ಲಾಗ್‌ಗಳಲ್ಲೇ ಅಚ್ಚಾದವು. ಅದನ್ನು 23,000ಕ್ಕೂ ಹೆಚ್ಚು ಕೋಡ್ ಭಂಡಾರಗಳು ಬಳಸುತ್ತಿದ್ದವು.

ತಾಂತ್ರಿಕ ಪರಿಹಾರ, ಕೆಲಸ ಮುಗಿಯುತ್ತಲೇ ಸಾಯುವ ಅಲ್ಪಾಯು ಕೀಲಿ. ಕಾನೂನು ತಡವಾಗಿ ಬಂತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಇಂಥ ಘಟನೆಗಳನ್ನು 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದಿತು. ಮಾಹಿತಿ ಕಳಕೊಂಡ ವ್ಯಕ್ತಿಗೇ ತಿಳಿಸಬೇಕೆಂಬ ಕರ್ತವ್ಯವನ್ನು ವಿಧಿಸಿದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ; ಅದರ ಪಾಲನೆಗೆ 2025ರ ನವೆಂಬರ್‌ನ ನಿಯಮಗಳು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ.